ಚೆರ್ವಿಯಾದ ಉಪ್ಪು

ಬೊಲೊನ್ಯಾ,
ಭಾನುವಾರ, 6 ಅಕ್ಟೋಬರ್ 2019

ಪ್ರೀತಿಯ ಪೊಲಿಕ್ಸೇನಿ ಅಕ್ಕನಿಗೆ,

ಈಗ ಸಂಜೆ ಏಳು ಗಂಟೆ. ಬೆಳಿಗ್ಗೆ ಒಂದು ಚಿತ್ರಶಾಲೆ, ಮಧ್ಯಾಹ್ನ ಒಂದು ಬಟ್ಟಲು ಸಾರು, ಆಮೇಲೆ ಒಂದು ಚರ್ಚು. ಇವತ್ತಿನ ದಿನ ಇಷ್ಟೇ.

ಬಂದು ನಾಲ್ಕು ದಿನವಾದರೂ ಬರೆಯಲಿಲ್ಲ, ನಿಮ್ಮ ಫೋನನ್ನೂ ಎತ್ತಲಿಲ್ಲ. ಮುನಿಸಿಕೊಳ್ಳಬೇಡಿ. ಫೋನಿನಲ್ಲಿ ನಿಮಗೆ ಸುಳ್ಳು ಹೇಳಲು ನನಗೆ ಬರುವುದಿಲ್ಲ, ನಿಜ ಹೇಳಲು ಧೈರ್ಯವಿಲ್ಲ. ಕಾಗದವಾದರೆ ನಡುವೆ ನಿಲ್ಲಿಸಿ ಕಿಟಕಿಯ ಹೊರಗೆ ನೋಡಬಹುದು. ನಾನು ಓದಿದ್ದು ಆರನೇ ತರಗತಿ, ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ. ಬರೆದು ಮುಗಿಸಿ ಆಂಕೋನಾ ಬಂದರಿನಲ್ಲಿ ಗೆರಾಸಿಮೋಸನ ಕೈಗೆ ಕೊಡುತ್ತೇನೆ. ಹಡಗಿನ ಅಡುಗೆಮನೆಯಲ್ಲಿ ನಿಮ್ಮ ತಮ್ಮನ ಜೊತೆ ಹದಿನಾರು ವರ್ಷ ಈರುಳ್ಳಿ ಹೆಚ್ಚಿದವನು ಅವನು. ನಮ್ಮ ಪಾತ್ರಾಸಿನಲ್ಲಿ ಇಳಿದ ಕೂಡಲೇ ನಿಮ್ಮ ಮನೆಗೆ ತಂದು ಮುಟ್ಟಿಸುತ್ತಾನೆ.

ಶನಿವಾರ ನಾನು ಸ್ಮಶಾನಕ್ಕೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನೀವು ಅಂದ ಮಾತು ಇನ್ನೂ ಕಿವಿಯಲ್ಲಿದೆ. ‘ಮೂರು ವರ್ಷ ಆಯ್ತಲ್ಲೇ ಅರ್ಗಿರೋ. ಜಾಗ ಬಿಟ್ಟುಕೊಡಿ ಅಂತ ಸ್ಮಶಾನದ ಆಫೀಸಿನವರು ಕಾಗದ ಕಳ್ಸಿದಾರೆ. ಹನ್ನೆರಡನೇ ತಾರೀಕು, ಶನಿವಾರ, ಬೆಳಿಗ್ಗೆ ಒಂಬತ್ತಕ್ಕೆ ಅಗೀತಾರೆ. ಮೂಳೆ ತೊಳೆಯೋಕೆ ವೈನು ನಾನು ತರ್ತೀನಿ, ಸುತ್ತೋಕೆ ಬಿಳಿ ಬಟ್ಟೆ ನೀನು ಹೊಲಿದು ತಾ. ನೋಡ್ತಾ ಇರು, ನನ್ನ ತಮ್ಮನ ಮೂಳೆ ಮೇಣದ ಥರ ಹಳದಿ ಇರುತ್ತೆ. ಅಂಥಾ ಜೀವ ಅದು.’

ಬಟ್ಟೆ ಹೊಲಿದಿದ್ದೇನೆ ಅಕ್ಕ. ನನ್ನ ಹೊಲಿಗೆ ಯಂತ್ರದ ಪಕ್ಕದ ಕುರ್ಚಿಯ ಮೇಲೆ ಮಡಿಸಿಟ್ಟಿದೆ. ಮನೆಯ ಬೀಗದ ಕೈ ನಿಮ್ಮಲ್ಲಿದೆ. ಗಂಡನ ಮೂಳೆ ತೆಗೆಯುವ ವಾರವೇ ಇವಳಿಗೆ ಪ್ರವಾಸವಂತೆ ಎಂದು ಬೀದಿಯವರೆಲ್ಲ ಆಡಿಕೊಳ್ಳುತ್ತಿರಬೇಕು. ಆಡಿಕೊಳ್ಳಲಿ. ನೀವು ಮಾತ್ರ ಅವರಿಗೆ ಉತ್ತರ ಕೊಡಲು ಹೋಗಬೇಡಿ.

ನಾನು ಲಾಂಬ್ರೋಸ್ ಬರೆದಿಟ್ಟಿದ್ದ ಚೀಟಿಯಂತೆಯೇ ಊರು ಸುತ್ತುತ್ತಿದ್ದೇನೆ. ಇಪ್ಪತ್ತೇಳು ವರ್ಷ ವಾರಕ್ಕೆ ಎರಡು ಸಲ ಇಟಲಿಗೆ ಬಂದು ಹೋದ ಮನುಷ್ಯ ಬಂದರಿನ ಬೀದಿ ದಾಟಿ ಒಳಗೆ ಕಾಲಿಟ್ಟವರಲ್ಲ. ‘ಒಂದ್ಸಲ ನಾವಿಬ್ರೂ ಹೋಗೋಣ, ನಿಧಾನಕ್ಕೆ. ದಿನಕ್ಕೊಂದು ಮ್ಯೂಸಿಯಂ, ಎರಡು ಊಟ, ಮೂರು ನಿದ್ದೆ’ ಎನ್ನುತ್ತಿದ್ದರು. ಕೊನೆಗೆ ರಜೆ ಸಿಕ್ಕಿತು, ನಾನು ನೀಲಿ ಉಡುಪು ಹೊಲಿದುಕೊಂಡೆ. ಅಷ್ಟರಲ್ಲಿ ಪಾತ್ರೆ ತೊಳೆಯುವವನ ಹೆಂಡತಿ ಹೆತ್ತಳೆಂದು ತಮ್ಮ ರಜೆಯನ್ನು ಅವನಿಗೆ ಕೊಟ್ಟುಬಿಟ್ಟರು. ಅವನ ಬದಲಿಗೆ ಹೋದ ಆ ಸರದಿಯಲ್ಲೇ ಒಲೆಯ ಮುಂದೆ ಕುಸಿದರು. ಇದೆಲ್ಲ ನಿಮಗೆ ಗೊತ್ತಿರುವುದೇ.

ಚೀಟಿಯಲ್ಲಿ ಬೊಲೊನ್ಯಾ ಎಂದು ಬರೆದು, ಮುಂದೆ ‘ಸಾರಿನಲ್ಲಿ ತೇಲುವ ಪುಟ್ಟ ಕಡುಬು’ ಎಂದಿದೆ. ಬೆರಳಿನ ಉಗುರಿನಷ್ಟೇ ಇರುತ್ತವೆ, ಒಳಗೆ ಮಾಂಸ. ನಾನು ಕುಳಿತ ಮೇಜಿನಲ್ಲಿ ಇಬ್ಬರಿಗೆ ಚಮಚ ಇಟ್ಟಿತ್ತು. ಬಡಿಸುವವನು ಒಂದನ್ನು ತೆಗೆಯಲು ಬಗ್ಗಿ, ‘ಇನ್ನೊಬ್ರು ಬರ್ತಾರಾ ಅಮ್ಮ?’ ಎಂದ. ಬರುತ್ತಾರೆ ಎಂದುಬಿಟ್ಟೆ. ಆಮೇಲೆ ಏಳಲೂ ಆಗದು, ಬೇಗ ತಿನ್ನಲೂ ಆಗದು. ಸಾರು ಆರಿ ಮೇಲೆ ಜಿಡ್ಡು ಕಟ್ಟಿತು. ಹೊರಡುವಾಗ ಅವನೇ ಸಮಾಧಾನ ಹೇಳಿದ, ‘ಗಂಡಸ್ರೇ ಹೀಗೆ, ಕಾಯಿಸ್ತಾರೆ. ಮನೆಗೆ ಹೋಗಿ ಬಾಗ್ಲು ತೆಗೀಬೇಡಿ, ಬುದ್ಧಿ ಬರುತ್ತೆ.’

ನನಗೆ ಬರುವ ಇಟಾಲಿಯನ್ ಲಾಂಬ್ರೋಸ್ ಕಲಿಸಿದ್ದು, ಬರೀ ಅಡುಗೆಮನೆಯದು. ಬೆಳ್ಳುಳ್ಳಿಗೆ ಏನೆನ್ನುತ್ತಾರೆ ಗೊತ್ತು, ದುಃಖಕ್ಕೆ ಏನೆನ್ನುತ್ತಾರೆ ಗೊತ್ತಿಲ್ಲ. ಇವರು ಆಡುವುದರಲ್ಲಿ ಅರ್ಧ ಕೈಸನ್ನೆ, ಅದರಿಂದ ಹೇಗೋ ನಡೆಯುತ್ತದೆ. ಕೋಣೆ ಕೊಟ್ಟಿರುವ ಓರ್ನೆಲ್ಲಾ ಒಳ್ಳೆಯ ಹೆಂಗಸು, ಬಾಯಿ ಜೋರು. ನಾನು ಕಪ್ಪು ಉಟ್ಟಿರುವುದನ್ನು ನೋಡಿ ಚರ್ಚಿನ ದಾರಿ ತೋರಿಸಿದಳು. ‘ನಮ್ಮೂರ ಸಂತ ಸನ್ಯಾಸಿನಿಯನ್ನ ನೋಡ್ಕೊಂಡು ಬನ್ನಿ. ಸತ್ತು ಐನೂರು ವರ್ಷ ಆದ್ರೂ ದೇಹ ಕೆಟ್ಟಿಲ್ಲ. ಕುರ್ಚಿ ಮೇಲೆ ಕೂತಿದಾಳೆ. ನಮ್ಮನೆಯವ್ರೂ ಹಾಗೇ, ಕೂತ್ರೆ ಏಳೋದೇ ಇಲ್ಲ.’

ಹೋದೆ. ಚಿಕ್ಕ ಕೋಣೆ, ತುಂಬ ಚಿನ್ನದ ಕೆಲಸ, ನಡುವೆ ಸನ್ಯಾಸಿನಿ ಕುಳಿತಿದ್ದಾಳೆ. ಮುಖ, ಕೈ ಎಲ್ಲ ಕಪ್ಪಾಗಿವೆ. ಮಣ್ಣು ಕರಗಿಸದ ದೇಹ ಎಂದು ಜನ ಮೊಣಕಾಲೂರಿ ಮುತ್ತಿಡುತ್ತಾರೆ. ನಮ್ಮ ಸ್ಮಶಾನದಲ್ಲಿ ಅಗೆದಾಗ ಹಾಗೆ ಸಿಕ್ಕರೆ ಯಾರು ಮುತ್ತಿಡುತ್ತಾರೆ ಅಕ್ಕ? ನಾನು ಶಿಲುಬೆಯ ಗುರುತು ಮಾಡಿಕೊಳ್ಳುವುದನ್ನೂ ಮರೆತು ಹೊರಗೆ ಬಂದೆ. ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಿದ್ದೆ. ಯಾವುದರಿಂದ ಓಡಿ ಬಂದೆನೋ ಅದು ಇಲ್ಲಿ ನನಗಿಂತ ಮೊದಲೇ ಬಂದು ಕುರ್ಚಿ ಹಾಕಿಕೊಂಡು ಕುಳಿತಿದೆ.

ರವೆನ್ನಾ,
ಮಂಗಳವಾರ, 8 ಅಕ್ಟೋಬರ್

ಸಂಜೆ ಐದು. ಬೆಳಿಗ್ಗೆ ಇಲ್ಲಿಯ ಹಳೆಯ ಚರ್ಚು ನೋಡಿದೆ, ಆಮೇಲೆ ರೈಲಿನಲ್ಲಿ ಚೆರ್ವಿಯಾಗೆ ಹೋಗಿ ಬಂದೆ. ಕಾಲು ನೋಯುತ್ತಿದೆ.

ಚರ್ಚಿನ ಗೋಡೆಯ ಉದ್ದಕ್ಕೂ ಬಣ್ಣದ ಗಾಜಿನ ಚೂರು ಕೂರಿಸಿ ಮಾಡಿದ ಇಪ್ಪತ್ತೆರಡು ಹೆಂಗಸರು, ಎಲ್ಲರೂ ಒಂದೇ ಕಡೆಗೆ ನಡೆಯುತ್ತಿದ್ದಾರೆ. ಬಂದವರೆಲ್ಲ ಮುಖ ನೋಡಿದರೆ ನಾನು ಉಡುಪಿನ ಅಂಚು ನೋಡಿದೆ. ಎಷ್ಟು ಚೆಂದದ ಅಂಚು ಗೊತ್ತೇ. ನಿಮಗೆ ತೋರಿಸಬೇಕು ಅನ್ನಿಸಿ ತಿರುಗಿ ನೋಡಿದರೆ ಪಕ್ಕದಲ್ಲಿ ಯಾರೋ ಜರ್ಮನ್ ಹೆಂಗಸು ನಿಂತಿದ್ದಳು.

ಅದೇ ಗೋಡೆಯ ತುದಿಯಲ್ಲಿ ಒಂದು ಅರಮನೆ ಇದೆ. ಅಲ್ಲಿ ಹಿಂದೆ ಒಬ್ಬ ರಾಜನ ಪರಿವಾರದವರು ನಿಂತಿದ್ದರಂತೆ. ಆಮೇಲೆ ಬಂದವರು ಅವರನ್ನು ಅಳಿಸಿ ಆ ಜಾಗಕ್ಕೆ ಪರದೆ ಬಿಡಿಸಿದರು. ಆದರೆ ಕಂಬಗಳ ಮೇಲೆ ಬಂದಿದ್ದ ಕೈಗಳನ್ನು ಹಾಗೇ ಬಿಟ್ಟಿದ್ದಾರೆ. ಮನುಷ್ಯರಿಲ್ಲ, ಕಂಬ ಹಿಡಿದ ಕೈ ಮಾತ್ರ ಇದೆ. ನಮ್ಮ ಮನೆಯಲ್ಲೂ ಹಾಗೆಯೇ. ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ಲಾಂಬ್ರೋಸ್ ಎಣ್ಣೆ ಕೈ ಊರುತ್ತಿದ್ದ ಜಾಗ ಇನ್ನೂ ಕಪ್ಪಗಿದೆ. ಬಣ್ಣ ಹೊಡೆಸು ಎಂದು ನೀವು ಎರಡು ಸಲ ಹೇಳಿದಿರಿ.

ಚೀಟಿಯಲ್ಲಿ ಚೆರ್ವಿಯಾ ಎಂದಷ್ಟೇ ಇದೆ, ಮುಂದೆ ಏನೂ ಇಲ್ಲ. ಅವರು ಪ್ರತಿ ಸಲ ತರುತ್ತಿದ್ದ ಉಪ್ಪು ಅಲ್ಲಿಯದು. ಕೊನೆಯ ಸಲ ಅವರ ಚೀಲದಲ್ಲಿ ಬಂದ ಪೊಟ್ಟಣವನ್ನು ನಾನು ಇನ್ನೂ ಒಡೆದಿಲ್ಲ. ಹಳೆಯ ಉಪ್ಪಿನ ಉಗ್ರಾಣವನ್ನೇ ಮ್ಯೂಸಿಯಂ ಮಾಡಿದ್ದಾರೆ. ಸೆಕೊಂದೋ ಎಂಬ ಮುದುಕ, ಹಿಂದೆ ಗದ್ದೆಯಲ್ಲಿ ಉಪ್ಪು ಎಳೆಯುತ್ತಿದ್ದವನು, ಈಗ ಬಂದವರಿಗೆ ತೋರಿಸುತ್ತಾನೆ. ನನ್ನ ಅಂಗೈಗೆ ನಾಲ್ಕು ಹರಳು ಹಾಕಿ, ‘ನೆಕ್ಕಿ’ ಎಂದ. ನೆಕ್ಕಿದೆ. ‘ಹೇಗಿದೆ?’ ಉಪ್ಪಿದೆ ಎಂದೆ. ಅವನು ಹಣೆ ಚಚ್ಚಿಕೊಂಡ. ‘ಮೂವತ್ತು ವರ್ಷದಿಂದ ಹೇಳ್ತಿದೀನಿ, ನಮ್ಮದು ಸಿಹಿ ಉಪ್ಪು ಅಂತ. ಬಂದವರೆಲ್ಲ ಉಪ್ಪಿದೆ ಅಂತಾರೆ.’ ನಾನು ನಕ್ಕೆ. ಬಂದ ಮೇಲೆ ನಕ್ಕಿದ್ದು ಅದೊಂದೇ ಸಲ. ಅವನು ಒಂದು ಬಟ್ಟೆಯ ಚೀಲದಲ್ಲಿ ಹಿಡಿಯಷ್ಟು ಕಟ್ಟಿಕೊಟ್ಟ.

ಹಿಂದಿರುಗುವಾಗ ರೈಲಿನಲ್ಲಿ ಅತ್ತೆ ನೆನಪಾದರು. ತೀರಿಹೋಗುವ ದಿನ ಬೆಳಿಗ್ಗೆ ಬಟ್ಟಲಲ್ಲಿ ನೀರು ತರಿಸಿ ಉಪ್ಪು ಹಾಕಿ, ‘ಈ ಉಪ್ಪು ಕರಗಿದ ಹಾಗೆ ನಾನು ಹಾಕಿದ ಶಾಪ ಎಲ್ಲ ಕರಗ್ಲಿ’ ಎಂದು ನಮ್ಮೆಲ್ಲರ ಮೇಲೆ ಚಿಮುಕಿಸಿದರಲ್ಲ. ನೀವು ಅಳುತ್ತಿದ್ದಿರಿ. ಲಾಂಬ್ರೋಸ್ ಮಾತ್ರ, ‘ಅಮ್ಮ, ಅರ್ಗಿರೋ ಮೇಲೆ ಇನ್ನೊಂದು ಸಲ ಚಿಮುಕ್ಸು, ಅವಳಿಗೆ ಜಾಸ್ತಿ ಬಿದ್ದಿವೆ’ ಎಂದರು. ಅತ್ತೆ ಆ ಸ್ಥಿತಿಯಲ್ಲೂ ನಕ್ಕು ನಿಜವಾಗಿ ಇನ್ನೊಂದು ಸಲ ಚಿಮುಕಿಸಿದರು.

ಆಂಕೋನಾ,
ಬುಧವಾರ, 9 ಅಕ್ಟೋಬರ್

ಮಧ್ಯಾಹ್ನ ಮೂರು. ಈಗಷ್ಟೇ ಗೆರಾಸಿಮೋಸ್ ಎದ್ದು ಹೋದ. ಅವನ ಹಡಗು ಇವತ್ತು ಬಂದರಿನಲ್ಲೇ ನಿಂತು ನಾಳೆ ಹೊರಡುತ್ತದೆ. ಬಂದರಿನ ಎದುರಿನ ಊಟದ ಮನೆಗೆ ಕರೆದುಕೊಂಡು ಹೋಗಿ, ನನ್ನನ್ನು ಕೇಳದೆ ಒಣಮೀನು, ಆಲೂಗಡ್ಡೆ ಬೇಯಿಸಿದ ಇಲ್ಲಿಯ ಅಡುಗೆ ತರಿಸಿದ.

‘ಅತ್ತಿಗೆ, ಶನಿವಾರ ಅಣ್ಣನ್ನ ತೆಗೀತಾರೆ, ನೀವಿಲ್ಲೇನು ಮಾಡ್ತಿದೀರಿ?’

‘ಪ್ರವಾಸಕ್ಕೆ ಬಂದಿದೀನಿ.’

‘ಹೌದೌದು. ಒಬ್ರೇ, ಕಪ್ಪು ಬಟ್ಟೆ ಹಾಕ್ಕೊಂಡು, ಮಜಾ ಮಾಡೋಕೆ.’

ಅವನು ಮೀನಿನ ಮುಳ್ಳು ಬಿಡಿಸುತ್ತ ಮುಂದುವರಿಸಿದ. ‘ಹೆದರಿಕೆ ಇರುತ್ತೆ ಅತ್ತಿಗೆ, ಎಲ್ರಿಗೂ ಇರುತ್ತೆ. ನಮ್ಮ ಚಿಕ್ಕಪ್ಪನ್ನ ತೆಗೆದಾಗ ಪೂರ್ತಿ ಕರಗಿರ್ಲಿಲ್ಲ. ಮಣ್ಣು ಜೇಡಿ, ನೀರು ನಿಲ್ಲುತ್ತೆ, ಅದಕ್ಕೆ ಅಂತ ಅಗೆಯೋನೇ ಹೇಳ್ದ. ಮತ್ತೆ ಮುಚ್ಚಿದ್ರು. ಆದ್ರೆ ಜನ ಮಣ್ಣನ್ನ ಬೈತಾರಾ? ಏನು ಪಾಪ ಮಾಡಿದ್ನೋ, ಯಾರ ಶಾಪ ಹೊತ್ತಿದ್ನೋ ಅಂತ ಸತ್ತೋನನ್ನೇ ಬೈದ್ರು. ಚಿಕ್ಕಮ್ಮ ಇವತ್ತಿಗೂ ಆ ಬೀದೀಲಿ ತಲೆ ಎತ್ತಲ್ಲ.’

ನಾನು ಮುಳ್ಳುಚಮಚ ಕೆಳಗಿಟ್ಟೆ. ಇಷ್ಟು ದಿನ ನಾನು ನನ್ನ ಕಣ್ಣಿನ ಬಗ್ಗೆ ಮಾತ್ರ ಯೋಚಿಸಿದ್ದೆ, ನೋಡಲಾರೆ ಎಂದು. ಅಲ್ಲಿ ನಿಂತ ಜನ ನಿಮ್ಮ ತಮ್ಮನನ್ನು ಏನೆನ್ನಬಹುದು, ನೀವು ವೈನಿನ ಬಾಟಲಿ ಹಿಡಿದು ಏನು ಉತ್ತರ ಕೊಡುತ್ತೀರಿ ಎಂದು ಯೋಚಿಸಿರಲಿಲ್ಲ. ಗೆರಾಸಿಮೋಸ್ ನನ್ನ ತಟ್ಟೆ ನೋಡಿ, ‘ತಿನ್ನಿ ಅತ್ತಿಗೆ. ಒಣಮೀನು ಅಂದ್ರೆ ಅಣ್ಣ ಹೇಳ್ತಿದ್ದ ಒಂದು ತಮಾಷೆ ನೆನಪಾಗುತ್ತೆ’ ಎಂದು ಅದನ್ನು ಹೇಳಿದ. ಅದನ್ನು ಕೆಳಗೆ ಬರೆಯುತ್ತೇನೆ.

ಕಾಗದವನ್ನು ಅವನ ಕೈಗೆ ಕೊಡಲಿಲ್ಲ. ಚೀಟಿಯಲ್ಲಿ ಇನ್ನೂ ಎರಡು ಊರಿದ್ದವು, ಬಿಟ್ಟೆ. ಅವನ ಹಡಗಿನಲ್ಲೇ ಬಂದು ಶುಕ್ರವಾರ ಇದನ್ನು ನಾನೇ ನಿಮ್ಮ ಕೈಗೆ ಕೊಡುತ್ತೇನೆ. ನೀವು ಒಳಗೆ ಕೂತು ಓದಿ. ನಾನು ಬಾಗಿಲ ಹೊರಗೆ ಇರುತ್ತೇನೆ. ಓದಿದ ಮೇಲೆ ಬಾಗಿಲು ತೆಗೆಯುವುದು ಬಿಡುವುದು ನಿಮಗೆ ಸೇರಿದ್ದು.

ನಿಮ್ಮ ಮೊಣಕಾಲು ನೋವು ಕಡಿಮೆಯಾಗಲಿ. ಮೊಮ್ಮಕ್ಕಳನ್ನು ದೇವಮಾತೆ ಕಾಯಲಿ. ನಿಮ್ಮ ಕೈಗೆ ಮುತ್ತಿಟ್ಟು,

ನಿಮ್ಮ ತಮ್ಮನ ಹೆಂಡತಿ,
ಅರ್ಗಿರೋ

ಕೊನೆಯದಾಗಿ: ರಜೆ ಕೊಟ್ಟುಬಿಟ್ಟೆ ಎಂದು ಲಾಂಬ್ರೋಸ್ ಬಂದು ಹೇಳಿದಾಗ ನಾನು ನೀಲಿ ಉಡುಪಿಗೆ ಗುಂಡಿ ಹೊಲಿಯುತ್ತಿದ್ದೆ. ದಾರವನ್ನು ಹಲ್ಲಿನಿಂದ ಕಡಿದು ಹೇಳಿದೆ, ‘ಸತ್ತರೂ ನಿನ್ನನ್ನ ಮಣ್ಣು ತಿನ್ನದೇ ಇರ್ಲಿ. ಕರಗದೇ ಬಿದ್ದಿರು.’ ಒಂದು ಪ್ರವಾಸಕ್ಕೆ ಅಷ್ಟು ದೊಡ್ಡ ಮಾತು. ಅವರು ಬಾಗಿಲ ಚೌಕಟ್ಟಿನ ಮೇಲೆ ಊರಿದ್ದ ಕೈ ತೆಗೆದು, ನಕ್ಕು ಹೋದರು. ಒಂಬತ್ತನೇ ದಿನ ಸುದ್ದಿ ಬಂತು. ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

ಅವರು ಹಡಗಿನಲ್ಲಿ ಎಲ್ಲರ ಮುಂದೆ ಹೇಳಿ ನಕ್ಕಿದ್ದರಂತೆ, ‘ನನ್ನ ಹೆಂಡ್ತಿ ನನ್ನನ್ನ ಒಣಮೀನು ಮಾಡಿಬಿಟ್ಲು ಕಣೋ, ಇನ್ನು ನಾನು ಕೆಡಲ್ಲ. ಉಪ್ಪು ತಗೊಂಡಿದೀನಿ. ಮನೆಗೆ ಹೋಗಿ ಅಮ್ಮನ ಹಾಗೆ ಅವಳ ಕೈಲೂ ನೀರಿಗೆ ಹಾಕಿಸ್ಬೇಕು.’ ಗೆರಾಸಿಮೋಸನಿಗೆ ಅದು ಈಗಲೂ ತಮಾಷೆಯೇ.

ಶನಿವಾರ ಅಗೆಯುವುದಕ್ಕೆ ಮೊದಲು ಅವರ ಚೀಲದಲ್ಲಿ ಬಂದ ಆ ಉಪ್ಪಿನ ಪೊಟ್ಟಣ ಒಡೆಯುತ್ತೇನೆ. ಒಂದು ಬಟ್ಟಲು ನೀರು ನೀವು ತಂದರೆ ಸಾಕು. ಆಮೇಲೆ ಅವರು ಹೇಗೇ ಇರಲಿ, ಜನ ಕೇಳಿದರೆ ಇದು ಹೆಂಡತಿಯ ಬಾಯಿಂದ ಬಂದದ್ದು ಎಂದು ನಾನೇ ಹೇಳುತ್ತೇನೆ. ನೀವು ತಲೆ ತಗ್ಗಿಸಬೇಡಿ.

ಹಡಗು ನಾಳೆ ಮಧ್ಯಾಹ್ನ ಒಂದೂವರೆಗೆ ಹೊರಡುತ್ತದೆ.