ಅಣಬೆ ಸತ್ತ ಚೀಲಗಳು

ವಾಟ್ಸನ್‌ವಿಲ್
ಅಕ್ಟೋಬರ್ 14, 2019

ಕ್ರಿಸ್ಪೀನ್,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಆಕ್ಸ್‌ನಾರ್ಡಿನಲ್ಲಿ ಅಣ್ಣನ ಮನೆಯ ಸೋಫಾದ ಮೇಲೆ ಮಲಗಿ ಸೊಂಟ ಹಿಡಿದಿದೆ ಎಂದು ನೀನೇ ಬರೆದಿದ್ದೀಯ. ಇಲ್ಲಿ ಅರ್ಧ ಮಂಚ ಖಾಲಿ. ಒಗೆದ ಬಟ್ಟೆಯನ್ನೆಲ್ಲ ಅಲ್ಲೇ ಗುಡ್ಡೆ ಹಾಕುತ್ತೇನೆ. ಮಡಿಚಿಡುವ ಕೆಲಸ ತಪ್ಪಿತು.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ನೀನು ಕೇಳಿದ್ದು ಒಂದೇ ಮಾತು. ಕಾಲುವೆಗೆ ಬೂಷ್ಟು ಕೊಲ್ಲುವ ಔಷಧಿ ಸುರಿದವನು ನನ್ನ ಗಂಡನಲ್ಲ ಎಂದು ನಾನು ಇಲ್ಲಿರುವ ನಮ್ಮೂರವರ ಸಭೆಯಲ್ಲಿ ಎದ್ದು ಹೇಳಬೇಕು, ತೆಕಿಯೊ ಪಟ್ಟಿಯಲ್ಲಿ ನಿನ್ನ ಹೆಸರನ್ನು ಮತ್ತೆ ಬರೆಸಬೇಕು. ಕೂಲಿಯಿಲ್ಲದೆ ಊರ ಕೆಲಸ ಮಾಡುವವರ ಪಟ್ಟಿ ಅದು. ಅದರಲ್ಲಿ ಹೆಸರಿಲ್ಲದವನಿಗೆ, ಅವನು ಕ್ಯಾಲಿಫೋರ್ನಿಯಾದಲ್ಲಿ ಸತ್ತರೂ, ಮೆಕ್ಸಿಕೋದ ವಾಹಾಕಾದಲ್ಲಿರುವ ನಮ್ಮೂರಿನ ಮಣ್ಣು ಸಿಗುವುದಿಲ್ಲ. ಅಮ್ಮನ ಗೋರಿಯ ಪಕ್ಕ ಜಾಗ ಬೇಕು ಎಂದಿದ್ದೀಯ. ಐವತ್ತೆರಡನೇ ವಯಸ್ಸಿಗೇ ನಿನಗೆ ಆ ಚಿಂತೆ ಬಂತು ನೋಡು!

ನೀರು ಸೋಸುವ ಆ ಅಣಬೆ ಚೀಲಗಳ ಕೆಲಸ ನಿನಗೆ ಮೊದಲಿನಿಂದಲೂ ತಮಾಷೆಯಾಗಿತ್ತು. ಹುಲ್ಲನ್ನು ಸುಣ್ಣದ ನೀರಿನಲ್ಲಿ ನೆನೆಸಿಡಬೇಕು ಎಂದು ವಿಶ್ವವಿದ್ಯಾಲಯದ ಡೆನೀಸ್ ಹೇಳಿಕೊಡಲು ಬಂದಾಗ ನಾವೆಲ್ಲ ನಕ್ಕಿದ್ದೆವು. ರೊಟ್ಟಿಗೆ ಮೆಕ್ಕೆಜೋಳವನ್ನು ದಿನಾ ಸುಣ್ಣದಲ್ಲಿ ನೆನೆಸುವ ಕೈಗಳಿಗೆ ಅವಳೇನು ಕಲಿಸುವುದು? ನೀನು ಬಾಗಿಲಲ್ಲಿ ನಿಂತು, "ಏನ್ರೇ, ಹುಲ್ಲಿನ ರೊಟ್ಟಿ ತಟ್ತೀರೇನು? ಅಣಬೆ ವಿಷ ತಿನ್ನುತ್ತಂತೆ! ನಮ್ ಮಾಲೀಕನಿಗೂ ಎರಡು ತಿನ್ಸಿ, ಅವನ ಹೊಟ್ಟೇಲೂ ಬೇಕಾದಷ್ಟಿದೆ" ಎಂದೆ. ನಮ್ಮ ಜೊತೆ ಹುಲ್ಲು ನೆನೆಸುತ್ತಿದ್ದ ಒಫೇಲಿಯಾ ಬಿಟ್ಟಾಳೆಯೇ? "ಮೊದ್ಲು ನಿನ್ನ ಬಾಯಿಗೆ ಕಟ್ತೀವಿ ಬಾರಯ್ಯ ಒಂದು ಚೀಲಾನ" ಎಂದಳು. ಆವತ್ತು ನಾನೂ ನಕ್ಕೆ. ನಿನ್ನ ಜೊತೆ ನಕ್ಕಿದ್ದು ಅದೇ ಕೊನೆ ಇರಬೇಕು.

ಅಣಬೆ ಬೀಜ ಬೆರೆಸಿದ ಹುಲ್ಲಿನಲ್ಲಿ ಬಿಳಿ ಎಳೆ ಹಬ್ಬಿತು. ಆ ಚೀಲಗಳನ್ನು ಕಾಲುವೆಗೆ ಅಡ್ಡಲಾಗಿ ಇಟ್ಟೆವು. ಸ್ಟ್ರಾಬೆರಿ ಹೊಲದಿಂದ ಬರುವ ನೀರು ಅವುಗಳ ಮೂಲಕ ಸೋಸಿ ಹೋಗತೊಡಗಿತು. ಆ ನೀರು ಇಂಗುವುದು ನಮ್ಮ ಬಾವಿಗೇ ಅಲ್ಲವೇ? ಜುಲೈ ಹೊತ್ತಿಗೆ ನೀರಿನಲ್ಲಿ ವಿಷ ಇಳಿದಿದೆ ಎಂದು ವರದಿ ಬಂತು. ಹೆಂಗಸರು ಕುಣಿದಾಡಿದರು.

ಆಗಸ್ಟಿನಲ್ಲಿ ಇಟ್ಟ ಇಪ್ಪತ್ತು ಹೊಸ ಚೀಲಗಳು ಎರಡೇ ವಾರದಲ್ಲಿ ಕಪ್ಪಾಗಿ ನಾರಿದವು. ನೀರಿನ ವರದಿ ಮೊದಲಿಗಿಂತ ಕೆಟ್ಟದಾಗಿ ಬಂತು. ಹಣ್ಣಿನ ಬೂಷ್ಟು ಕೊಲ್ಲುವ ಔಷಧಿಗೆ ಅಣಬೆಯೂ ಒಂದು ಬೂಷ್ಟೇ, ಅದು ಭೇದ ಮಾಡುವುದಿಲ್ಲ. ಯಾರೋ ಔಷಧಿ ಸುರಿದಿದ್ದಾರೆ ಎಂದು ಎಲ್ಲರೂ ಅಂದರು. ಶನಿವಾರ ಶನಿವಾರ ಔಷಧಿ ಟ್ಯಾಂಕನ್ನು ಕಾಲುವೆಯ ತಲೆಯಲ್ಲಿ ತೊಳೆಯುತ್ತಿದ್ದ ಮೇಸ್ತ್ರಿ ಯಾರೆಂದು ಯಾರಿಗೆ ಗೊತ್ತಿರಲಿಲ್ಲ? ಆದರೂ ಸಭೆಯಲ್ಲಿ ಎಲ್ಲರೂ ಬಾಯಿ ಮುಚ್ಚಿ ಕೂತಿದ್ದರು. ನಾನೇ ಎದ್ದೆ. "ಇನ್ಯಾರು ಸುರೀತಾರೆ? ನನ್ನ ಗಂಡನೇ" ಎಂದೆ. ಹೆಂಡತಿಯೇ ಹೇಳಿದ ಮೇಲೆ ಬೇರೆ ಸಾಕ್ಷಿ ಯಾಕೆ? ಪಟ್ಟಿಯಿಂದ ನಿನ್ನ ಹೆಸರು ಹೊಡೆದು ಹಾಕಿದರು. ನೀನು ನನ್ನನ್ನೊಮ್ಮೆ ನೋಡಿ, ಟೋಪಿ ಎತ್ತಿಕೊಂಡು ಹೊರಟುಹೋದೆ. ನಾಲ್ಕು ಜನರ ಮುಂದೆ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಇಲ್ಲ ಕ್ರಿಸ್ಪೀನ್, ನಾನು ಹೇಳುವುದಿಲ್ಲ. ನಮ್ಮ ಮಗಳು ಇತಾ ಹುಟ್ಟಿದ ಮೇಲೆ ನನಗೆ ಎರಡು ಬಸಿರು ನಿಲ್ಲಲಿಲ್ಲ. ಟ್ಯಾಂಕನ್ನು ಬೇರೆಲ್ಲಾದರೂ ತೊಳೆ ಎಂದು ನಿನ್ನ ಕಾಲಿಗೆ ಬಿದ್ದು ಕೇಳಿದೆ. "ದೇವರಿಚ್ಛೆ ಕಣೇ ಅದು, ಅದಕ್ಕೂ ಟ್ಯಾಂಕಿಗೂ ಏನ್ ಸಂಬಂಧ? ಮೇಸ್ತ್ರಿ ಕೆಲಸ ಹೋದ್ರೆ ನೀನು ಕೊಡಿಸ್ತೀಯಾ?" ಎಂದೆ ನೀನು. ಆಗಸ್ಟಿನಲ್ಲಿ ನೀನು ಸುರಿಯದೇ ಇದ್ದಿರಬಹುದು. ಹನ್ನೊಂದು ವರ್ಷ ಸುರಿದೆಯಲ್ಲ, ಅದಕ್ಕೆ ಯಾವ ಸಭೆ ಕೂಡಿತು? ನಾನು ಯಾರ ಮುಂದೆ ಹೋಗಿ ಅಳಬೇಕಿತ್ತು?

ಇತಾ ಈಗ ಏಳು ತಿಂಗಳ ಬಸುರಿ. ಅಪ್ಪ ಫೋನ್ ಮಾಡಿದನಾ ಎಂದು ಕೇಳುತ್ತಾಳೆ, ಇಲ್ಲ ಎನ್ನುತ್ತೇನೆ. ಹೊಸ ಚೀಲಗಳು ಚೆನ್ನಾಗಿ ಬೆಳ್ಳಗಾಗಿವೆ. ಹೋದ ವಾರದ ವರದಿಯಲ್ಲಿ ವಿಷ ಅರ್ಧಕ್ಕೆ ಇಳಿದಿದೆ. ಭಾನುವಾರ ಚೀಲ ತುಂಬಲು ಎಂದೂ ಬಾರದವರೆಲ್ಲ ಬರುತ್ತಿದ್ದಾರೆ. ನಿನ್ನ ಮೇಲಿನ ಸಿಟ್ಟಿಗೇ ಬರುತ್ತಾರೆ. ಒಳ್ಳೆಯ ಮಾತು ಕರೆದು ಕರೆದು ಸೋತಿತ್ತು, ನಿನ್ನ ಹೆಸರು ಒಂದೇ ದಿನದಲ್ಲಿ ಕರೆತಂದಿತು.

ಸೊಂಟಕ್ಕೆ ಬಿಸಿ ಉಪ್ಪಿನ ಶಾಖ ಕೊಡು.

ನಿನ್ನ ಮಗಳ ತಾಯಿ,
ತೊಮಾಸಾ

ವಿ.ಸೂ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಆ ಇಪ್ಪತ್ತು ಚೀಲ ತುಂಬಿದವಳು ನಾನು. ಅಂಗಡಿಯ ಹುಲ್ಲು ಸಾಲಲಿಲ್ಲ. ಸ್ಟ್ರಾಬೆರಿ ಸಾಲುಗಳಿಗೆ ಹಾಸಿದ್ದನ್ನು ಎತ್ತಿ ನೀನು ಶೆಡ್ಡಿನ ಹಿಂದೆ ಒಟ್ಟಿದ್ದೆಯಲ್ಲ, ಆ ಹುಲ್ಲನ್ನು ತಂದೆ. ವರ್ಷವಿಡೀ ಅದರ ಮೇಲೆ ಔಷಧಿ ಬಿದ್ದದ್ದು ನನಗೆ ಗೊತ್ತಿತ್ತು. ಸುಣ್ಣದಲ್ಲಿ ನೆನೆಸಿ ತೊಳೆದರೆ ಜೋಳದ ಸಿಪ್ಪೆ ಹೋದ ಹಾಗೆ ಅದೂ ಹೋಗುತ್ತದೆ ಎಂದುಕೊಂಡೆ. ಸಭೆಗೆ ಎರಡು ದಿನ ಮೊದಲೇ ಡೆನೀಸ್ ಬಂದು, "ವಿಷ ಇರೋದು ಹುಲ್ಲಿನೊಳಗೇ ತೊಮಾಸಾ, ಎಲ್ಲಿಂದ ತಂದ್ರಿ?" ಎಂದು ಕೇಳಿದಳು. ಅಂಗಡಿಯಿಂದ ಎಂದೆ. ಅವಳು ಅಂಗಡಿಯವನನ್ನು ಬೈಯುತ್ತ ಹೋದಳು. ನಮ್ಮ ಸಭೆ ನಡೆಯುವುದು ನಮ್ಮ ಭಾಷೆಯಲ್ಲಿ, ಅಲ್ಲಿ ನಡೆದದ್ದು ಅವಳಿಗೆ ಇವತ್ತಿಗೂ ತಿಳಿಯದು.

ಈಗ ನನ್ನ ಕೈಬರಹ ನಿನ್ನ ಹತ್ತಿರ ಇದೆ. ಸಭೆಯಲ್ಲಿ ಓದಿಸಿದರೆ ನಿನ್ನ ಹೆಸರು ಪಟ್ಟಿಗೆ ಬರುತ್ತದೆ, ನನ್ನದು ಹೋಗುತ್ತದೆ, ಬರುವ ಭಾನುವಾರ ಚೀಲ ತುಂಬಲು ಒಬ್ಬಳೂ ಬರುವುದಿಲ್ಲ. ನಾಳೆ ಇತಾ ತನ್ನ ಮಗುವಿಗೆ ಸ್ನಾನ ಮಾಡಿಸುವುದು ಆ ಬಾವಿಯ ನೀರಿನಲ್ಲೇ. ನೀನು ಓದಿಸುವುದಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೇ ಬರೆದೆ.