ಕೆಂಚನ ಕಿವಿಯ ಉಣ್ಣಿ

ಲಕ್ಷ್ಮೇಶ್ವರ
ಮಂಗಳವಾರ, 20–11–1956

ಅವ್ವಾ, ನಿನ್ನ ಮಗಳು ಗದಿಗೆವ್ವ ಮಾಡುವ ನಮಸ್ಕಾರ.

ಇಲ್ಲಿ ಎಲ್ಲರೂ ಆರಾಮವಾಗಿದ್ದೇವೆ. ಪತ್ರದ ಮೊದಲ ಸಾಲಿಗೆ ಏನಾದರೂ ಬೇಕೆಂದು ಬರೆದ ಮಾತಲ್ಲ ಇದು. ಹದಿನೈದು ದಿನದ ಹಿಂದೆಯಾಗಿದ್ದರೆ ಈ ಸಾಲು ಬರೆಯಲು ನನ್ನ ಕೈ ಏಳುತ್ತಿರಲಿಲ್ಲ.

ನಿನ್ನ ಪತ್ರ ಶನಿವಾರ ಮುಟ್ಟಿತು. ದೀಪಾವಳಿಗೆ ನಾವು ಬೆಳ್ಳಟ್ಟಿಗೆ ಬರುತ್ತೇವೆಂದು ನೀನು ಹೋಳಿಗೆಗೆ ಕಡಲೆಬೇಳೆ ಬೇಯಿಸಿಟ್ಟು ಕಾದೆ ಎಂದು ಓದಿ ಅತ್ತುಬಿಟ್ಟೆ. ಅದರ ಮುಂದಿನ ಸಾಲು ಓದಿದಾಗ ಅಳು ನಿಂತಿತು. ‘ನಾಯಿಯ ಜೀವ ದೊಡ್ಡದಾಯಿತೋ, ಗಂಡನ ಜೀವ ದೊಡ್ಡದಾಯಿತೋ?’ ಎಂದು ಕೇಳಿದ್ದೀಯ. ಹನಮವ್ವತ್ತೆ ಯಾರ ಕೈಯಲ್ಲೋ ನಿನಗೆ ಹಾಗೆ ಹೇಳಿ ಕಳಿಸಿದ್ದಾಳೆ. ಆಕೆಯ ಮೇಲೆ ಸಿಟ್ಟಿಲ್ಲ. ಹೆತ್ತ ತಾಯಿ ತೀರಿದ ಮೇಲೆ ನಿನ್ನ ಅಳಿಯನನ್ನು ಎದೆಗೆ ಹಾಕಿಕೊಂಡು ಸಾಕಿದ ಸೋದರತ್ತೆ ಆಕೆ. ಹೆದರಿದ ಬಾಯಿಂದ ಬಂದ ಮಾತು ಅದು. ಆದರೆ ನಡೆದದ್ದನ್ನು ನೀನು ನನ್ನಿಂದಲೇ ಕೇಳಬೇಕು.

ನಮ್ಮ ಮನೆಯ ನಾಯಿ ಕೆಂಚನನ್ನು ನೀನು ನೋಡಿದ್ದೀಯ. ಮಾವನವರು ಮುಂಡರಗಿ ಸಂತೆಯಿಂದ ಮರಿಯಿದ್ದಾಗ ತಂದದ್ದು. ಎರಡು ವರ್ಷದ ಹಿಂದೆ ಮಾವನವರಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋದವು. ಅಂದಿನಿಂದ ಕೆಂಚ ನಮ್ಮ ಕಾಳಿನ ಅಂಗಡಿಯ ಕಾವಲು ಬಿಟ್ಟು ಅವರ ಹೊರಸಿನ ಕೆಳಗೆ ಬಂದು ಮಲಗಿದ. ಅವರು ಎಡಗೈ ಕೆಳಗೆ ಇಳಿಬಿಟ್ಟರೆ ಅವನು ತಲೆ ಎತ್ತಿ ಕೊಡುತ್ತಾನೆ. ಮನೆಗೆ ಬಂದವರು ಮಾವನವರ ಜೊತೆ ಮಾತಾಡುವುದನ್ನು ಒಬ್ಬೊಬ್ಬರಾಗಿ ಬಿಟ್ಟರು. ನಾಯಿ ಬಿಡಲಿಲ್ಲ.

ಈ ಸಲ ಮಳೆ ಹಿಂದಾದ ಮೇಲೆ ಅವನ ಮೈಗೆ ಉಣ್ಣಿ ಹತ್ತಿದವು. ಕಿವಿಯೊಳಗೆ, ಕುತ್ತಿಗೆಯ ಕೆಳಗೆ, ಕಾಲ್ಬೆರಳ ಸಂದಿಯಲ್ಲಿ ರಕ್ತ ಕುಡಿದು ಔಡಲ ಬೀಜದಂತೆ ಊದಿಕೊಂಡಿದ್ದವು. ಒಂದು ದಿನ ನಿನ್ನ ಅಳಿಯ ಉರಿಯುವ ಬೀಡಿಯ ತುದಿಯನ್ನು ಒಂದೊಂದಕ್ಕೂ ತಾಗಿಸಿ, ಬೆರಳಲ್ಲಿ ಹಿಸುಕಿ, ತಿರುವಿ ಕಿತ್ತರು. ಹಾಗೆ ಮಾಡಬಾರದು ಎಂದೆ. ನಮ್ಮ ಹಟ್ಟಿಯ ನಾಯಿಗಳಿಗೆ ನೀನು ಹೇಗೆ ತೆಗೆಯುತ್ತಿದ್ದೆ ಎಂದು ಹೇಳಲು ಹೋದೆ. ಅವರು ನಕ್ಕು ಎದ್ದರು. ಅವ್ವಾ, ಮದುವೆಯಾದ ಒಂದೂವರೆ ವರ್ಷದಲ್ಲಿ ಅವರು ನನ್ನ ಮೇಲೆ ಕೈ ಎತ್ತಿಲ್ಲ, ಒಂದು ಕೆಟ್ಟ ಮಾತು ಆಡಿಲ್ಲ. ಆದರೆ ನಾನು ಏನು ಹೇಳಿದರೂ ನಗುತ್ತಿದ್ದರು. ಜೋಳಕ್ಕೆ ಹುಳ ಬೀಳುತ್ತದೆ, ಚೀಲ ಗೋಡೆಗೆ ಒತ್ತಬೇಡಿ ಎಂದರೂ ನಗು. ಆ ನಗುವಿಗೆ ಎದುರಾಗಿ ಏನು ಹೇಳಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ನಿನಗೆ ಇದನ್ನು ಈ ಮೊದಲು ಬರೆದಿರಲಿಲ್ಲ.

ಅವರು ಕಿತ್ತ ಕಡೆ ಒಂದೆರಡು ಉಣ್ಣಿಯ ಬಾಯಿ ಚರ್ಮದೊಳಗೇ ಉಳಿದು, ಮೂರು ದಿನದಲ್ಲಿ ಕೆಂಚನ ಕಿವಿ ಬಾತು ಕೀವು ತುಂಬಿತು.

ನವೆಂಬರ್ ಒಂದರಂದು, ಕರ್ನಾಟಕ ಒಂದಾದ ದಿನ, ಅತ್ತ ದೀಪಾವಳಿಯೂ ಕೂಡಿ ಬಂದು ಊರಿನಲ್ಲಿ ಬೆಳಗಿನಿಂದಲೇ ಪಟಾಕಿ. ಮೆರವಣಿಗೆಗೆ ಕರೆದೊಯ್ಯಲು ಇವರ ನಾಲ್ಕು ಮಂದಿ ಗೆಳೆಯರು ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ಸದ್ದಿಗೆ ಬೆದರಿದ ಕೆಂಚ ಹೊರಸಿನ ಕೆಳಗೆ ಮೂಲೆ ಸೇರಿ ನಡುಗುತ್ತಿದ್ದ. ಅವನ ಕೊರಳಿಗೂ ಒಂದು ಹೂವಿನ ಮಾಲೆ ಹಾಕಬೇಕೆಂದು ನಿನ್ನ ಅಳಿಯ ಬಗ್ಗಿ ಕೈ ಚಾಚಿದರು. ನಾನು ಅಡುಗೆಮನೆಯ ಬಾಗಿಲಿನಿಂದಲೇ, “ಕಿವಿ ಹಿಡೀಬ್ಯಾಡ್ರಿ, ಅದಕ್ಕ ನೋವೈತಿ,” ಎಂದೆ. ಅವರು ಗೆಳೆಯರ ಕಡೆ ತಿರುಗಿ, “ಬೆಳ್ಳಟ್ಟಿ ಡಾಕ್ಟರು ಹೇಳಾಕತ್ತಾರ, ಕೇಳ್ರೆಪಾ,” ಎಂದರು. ಎಲ್ಲರೂ ನಕ್ಕರು. ನಗುತ್ತಲೇ ಅವರು ಕಿವಿ ಹಿಡಿದು ಎಳೆದರು. ಕೆಂಚ ಮಣಿಕಟ್ಟಿಗೆ ಬಾಯಿ ಹಾಕಿದ.

ಈಗ ಬರೆಯುವುದನ್ನು ದೇವರ ಮುಂದೆಯೂ ಹೇಳಲು ನಾಚಿಕೊಂಡಿದ್ದೆ. ರಕ್ತ ಕಂಡ ಆ ಗಳಿಗೆಯಲ್ಲಿ, ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು, ನನಗೆ ಹಿತವಾಯಿತು. ‘ಆಗಲಿ’ ಅನ್ನಿಸಿತು. ಮರುಗಳಿಗೆಯೇ ಓಡಿಹೋಗಿ ನಾಯಿಯನ್ನು ಬಿಡಿಸಿದೆ. ಕೊಡದ ನೀರು ಸುರಿದು, ಸಬಕಾರ ಹಚ್ಚಿ, ಗಾಯವನ್ನು ಮತ್ತೆ ಮತ್ತೆ ತೊಳೆದೆ.

ಅಷ್ಟರಲ್ಲಿ ಹನಮವ್ವತ್ತೆ ಬೊಬ್ಬೆ ಹಾಕಿದ್ದಳು. “ನಾಯಿಗೆ ಹುಚ್ಚು ಹತ್ತೇತಿ, ನಮ್ಮ ದ್ಯಾಮಪ್ಪನ್ನ ಕಡಿದೈತಿ!” ಅಂಗಡಿಯ ಹಮಾಲ ಹುಲಗಪ್ಪ ಬಡಿಗೆ ಹಿಡಿದು ಒಳಗೆ ಬಂದ. ಮಾವನವರು ಎಡಗೈಯಿಂದ ಹೊರಸಿನ ಪಟ್ಟಿ ಹಿಡಿದು ಏಳಲು ನೋಡಿದರು, ಆಗಲಿಲ್ಲ. ಗಂಟಲಿನಿಂದ ಏನೋ ಸದ್ದು ಬಂತು. ನಾನು ಹುಲಗಪ್ಪನ ಮುಂದೆ ಹೋಗಿ ನಿಂತೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

“ಹೊಡೀಬ್ಯಾಡೋ. ಅದನ್ನ ಕೊಂದ್ರ ಹುಚ್ಚು ಇತ್ತೋ ಇಲ್ಲೋ ಯಾರು ಹೇಳವ್ರು? ಕಟ್ಟಿ ಹಾಕು. ಹತ್ತು ದಿನ ನೋಡೂಣು.”

ನಮ್ಮ ಹೊಳೆಯಪ್ಪ ಕಾಕಾನಿಗೆ ನಾಯಿ ಕಡಿದಾಗ ಡಾಕ್ಟರು ಹೇಳಿದ್ದು ಅದೇ ಅಲ್ಲವೇ? ಅದಷ್ಟೇ ನೆನಪಿತ್ತು. ಅತ್ತೆ ನನ್ನ ಮುಖ ನೋಡಿ, “ಹತ್ತು ದಿನದಾಗ ನನ್ನ ಹುಡುಗಗ ಏನರ ಆದ್ರ?” ಎಂದು ಕೇಳಿದಳು. ನಿನ್ನ ಅಳಿಯ ನನ್ನನ್ನೇ ನೋಡುತ್ತಿದ್ದರು.

ದನದ ದವಾಖಾನೆಯ ಕಂಪೌಂಡರ್ ರಹಮಾನಸಾಬರು ಬಂದರು. ವಯಸ್ಸಾದವರು, ಮಾವನವರ ಹಳೆಯ ಗೆಳೆಯರು. ನಾಯಿಯನ್ನು ದೂರದಿಂದಲೇ ನೋಡಿದರು. ನನ್ನ ಮಾತನ್ನೇ ಅವರೂ ಹೇಳಿದರು, ಜೊತೆಗೆ ಇನ್ನೊಂದನ್ನೂ ಹೇಳಿದರು: ನಾಯಿಗೆ ಏನಾಗುತ್ತದೋ ಎಂದು ಕಾಯುತ್ತ ಸೂಜಿ ತಡಮಾಡಬಾರದು, ಇಂದೇ ಗದಗಿಗೆ ಹೋಗಬೇಕು. ಹದಿನಾಲ್ಕು ಸೂಜಿ, ಹೊಟ್ಟೆಗೆ. ಹತ್ತು ದಿನ ನಾಯಿ ನೆಟ್ಟಗಿದ್ದರೆ ಉಳಿದದ್ದನ್ನು ಡಾಕ್ಟರು ಬಿಡಿಸುತ್ತಾರೆ. ಗೆಳೆಯರೇ ಇವರನ್ನು ಬಸ್ಸಿನಲ್ಲಿ ಕರೆದೊಯ್ದರು. ಬೆಟಗೇರಿಯ ಸಂಬಂಧಿಕರ ಮನೆಯಲ್ಲಿ ಇಳಿದುಕೊಂಡು ದಿನವೂ ದವಾಖಾನೆಗೆ ಹೋಗುವುದೆಂದಾಯಿತು. ಹಬ್ಬ ಹೀಗಾಯಿತು, ಅವ್ವಾ.

ಕೆಂಚನನ್ನು ಹಿತ್ತಲಿನ ಬೇವಿನ ಮರಕ್ಕೆ ಸರಪಳಿ ಹಾಕಿ ಕಟ್ಟಿದರು. ಅನ್ನ, ನೀರಿನ ಬೋಗುಣಿಯನ್ನು ನಾನು ಕೋಲಿನಿಂದ ಮುಂದೆ ನೂಕುತ್ತಿದ್ದೆ. ಅವನು ನೀರು ಕುಡಿದರೆ ಒಳಗೆ ಬಂದು ಮಾವನವರಿಗೆ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ ತೆರೆಯುತ್ತಿದ್ದರು.

ಐದು ದಿನ ಹಾಗೆ ಹೋಯಿತು. ಆರನೆಯ ದಿನ ಅವನು ಅನ್ನ ಮುಟ್ಟಲಿಲ್ಲ. ಏಳಲು ಹೋಗಿ ಹಿಂಗಾಲು ಮುರಿದಂತೆ ಕುಸಿದ. ಅತ್ತೆ ಬಾಗಿಲಲ್ಲೇ ಕುಳಿತುಬಿಟ್ಟಳು. “ಇನ್ನೇನ್ ನೋಡೂದೈತಿ?” ಎಂದಳು. ಆಗ ಆಕೆ ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು.

ರಹಮಾನಸಾಬರನ್ನು ಮತ್ತೆ ಕರೆಸಿದೆವು. ಅವರು ಬಹಳ ಹೊತ್ತು ನೋಡಿದರು. ಹೆಸರು ಕರೆದಾಗ ಕೆಂಚ ಬಾಲ ಅಲ್ಲಾಡಿಸಿದ, ಬೋಗುಣಿ ನೂಕಿದರೆ ನೀರು ನೆಕ್ಕಿದ. ಅವನ ವಸಡು ಸುಣ್ಣದಂತೆ ಬೆಳ್ಳಗಾಗಿತ್ತು. “ಹುಚ್ಚಿನ ಲಕ್ಷಣ ನನಗ ಕಾಣವಲ್ದು,” ಎಂದರು. “ಉಣ್ಣಿ ಇದರ ರಗತಾ ಎಲ್ಲಾ ಕುಡದಾವು. ಹಿಂಗ ಬಿಟ್ರ ಹತ್ತು ದಿನ ಕಾಣೂದುಲ್ಲ. ಸತ್ರ ನಾವು ಹುಚ್ಚಿನಿಂದನ ಸತ್ತಿತು ಅಂತ ತಿಳೀಬೇಕಾಗ್ತೈತಿ.”

ಮುಟ್ಟಿದರೆ ಅಪಾಯ, ಬಿಟ್ಟರೂ ಅಪಾಯ. ಕೊನೆಗೆ ಅವರೇ ತೊಗಲಿನ ಕೈಗವಸು ಹಾಕಿಕೊಂಡು, ಅಗಲವಾದ ಬಟ್ಟೆಪಟ್ಟಿಯಿಂದ ಕೆಂಚನ ಮೂತಿ ಕಟ್ಟಿ, ಗಂಟನ್ನು ಕಿವಿಯ ಹಿಂದೆ ಬಿಗಿದರು. ಹುಲಗಪ್ಪ ಗೋಣಿ ಹೊದಿಸಿ ಅದುಮಿ ಹಿಡಿದ. ಆದರೆ ಸಾಬರ ಕಣ್ಣಿಗೆ ಪೊರೆ ಬಂದಿದೆ. ಚಿಮಟದ ತುದಿ ಉಣ್ಣಿಯ ಬದಲು ಕೂದಲು ಹಿಡಿಯುತ್ತಿತ್ತು. ಚಿಮಟವನ್ನೂ ಇನ್ನೊಂದು ಜೊತೆ ಕೈಗವಸನ್ನೂ ನನ್ನ ಕಡೆ ನೀಡಿ, “ತಂಗೀ, ನಿನಗ ಬರ್ತೈತಂತಲ್ಲ?” ಎಂದರು.

ಬರುತ್ತಿತ್ತು, ಅವ್ವಾ. ನಿನ್ನ ಬೆರಳುಗಳು ನನ್ನ ಕಣ್ಣ ಮುಂದೆಯೇ ಇದ್ದವು. ಕೂದಲು ಬಿಡಿಸಿ, ಚರ್ಮಕ್ಕೆ ತಾಗಿಸಿ ಉಣ್ಣಿಯ ತಲೆಯ ಬುಡ ಹಿಡಿದೆ. ಊದಿದ ಹೊಟ್ಟೆ ಹಿಸುಕಲಿಲ್ಲ, ತಿರುವಲಿಲ್ಲ, ಜಗ್ಗಲಿಲ್ಲ. ನೆಟ್ಟಗೆ ಮೇಲಕ್ಕೆ, ಅದು ತಾನಾಗಿ ಬಾಯಿ ಬಿಡುವ ತನಕ ಸಾವಕಾಶವಾಗಿ ಎಳೆದೆ. ಬಂದದ್ದನ್ನು ಸೀಮೆಎಣ್ಣೆಯ ಡಬ್ಬಿಗೆ ಹಾಕಿದೆ. ಅತ್ತೆ ಅದೇ ಎಣ್ಣೆಯನ್ನು ನಾಯಿಯ ಮೈಗೆ ಸುರಿದರೆ ಒಮ್ಮೆಲೇ ಎಲ್ಲ ಬೀಳುತ್ತವಲ್ಲ ಎಂದಳು. ಸಾಬರು ಬೇಡವೆಂದರು. “ಎಣ್ಣಿ ಹಾಕಿದ್ರೂ ಅಷ್ಟ, ಸುಟ್ರೂ ಅಷ್ಟ, ಸಂಕಟಕ್ಕ ಅದು ಹೊಟ್ಟ್ಯಾಗಿನ ಹೊಲಸು ನಾಯಿ ರಗತಕ್ಕನ ಕಾರ್ತೈತಿ. ಎಣ್ಣಿ ಉಣ್ಣಿಗೆ, ಅದೂ ಕಿತ್ತ ಮ್ಯಾಲೆ.”

ಮೂವತ್ತರ ತನಕ ಎಣಿಸಿದೆ, ಆಮೇಲೆ ಲೆಕ್ಕ ತಪ್ಪಿತು. ಬಾತ ಕಿವಿಯನ್ನು ಕೊನೆಗೆ ಉಳಿಸಿಕೊಂಡೆ. ಸಾಬರು ಕೀವು ತೆಗೆದು ತೊಳೆದು ಟಿಂಚರ್ ಹಚ್ಚಿದಾಗ ಕೆಂಚ ಒಮ್ಮೆ ನರಳಿದ, ಅಷ್ಟೇ. ಎಲ್ಲ ಮುಗಿದು ಕೈ ತೊಳೆದು ತಿರುಗಿದರೆ ಅತ್ತೆ ಆ ಡಬ್ಬಿಯ ಮುಚ್ಚಳ ಬಿಗಿಯುತ್ತಿದ್ದಳು. ನನ್ನನ್ನು ನೋಡಲಿಲ್ಲ. “ನಾಳೆ ಮತ್ತ ನೋಡಬೇಕನು?” ಎಂದಷ್ಟೇ ಕೇಳಿದಳು.

ಎಂಟನೆಯ ದಿನ ಅವನು ಹಾಲು ನೆಕ್ಕಿದ. ಒಂಬತ್ತನೆಯ ದಿನ ಎದ್ದು ನಿಂತ. ಹತ್ತು ತುಂಬಿದ ಮರುದಿನ ಸಾಬರು, ನಾಯಿ ಜೀವಂತವಿದೆ, ರೊಟ್ಟಿ ತಿನ್ನುತ್ತಿದೆ ಎಂದು ಒಂದು ಚೀಟಿ ಬರೆದು ಹುಲಗಪ್ಪನನ್ನು ಗದಗಿಗೆ ಓಡಿಸಿದರು. ಡಾಕ್ಟರು ಚೀಟಿ ನೋಡಿ ಉಳಿದ ಸೂಜಿ ಬೇಡವೆಂದರು. ನಿನ್ನ ಅಳಿಯ ಮರುದಿನದ ಬಸ್ಸಿಗೆ ಬಂದರು. ಹೊಟ್ಟೆಯೆಲ್ಲ ಗಂಟುಗಂಟಾಗಿತ್ತು, ಬಗ್ಗಿ ನಡೆಯುತ್ತಿದ್ದರು.

ಅಂದು ಮಧ್ಯಾಹ್ನ ಅವರಿಗೆ ಊಟಕ್ಕೆ ಬಡಿಸಿ ಎದುರು ಕುಳಿತೆ. ಹೇಳದೆ ಇರಲು ಆಗಲಿಲ್ಲ. ನಾಯಿ ಕಡಿದಾಗ ನನಗೆ ಒಂದು ಗಳಿಗೆ ಹಿತವಾಗಿತ್ತು ಎಂದೆ. ಅವರು ಕೈಯ ತುತ್ತನ್ನು ತಟ್ಟೆಯಲ್ಲಿಟ್ಟರು.

“ನನಗ ಗೊತ್ತೈತಿ,” ಎಂದರು. “ನಿನ್ನ ಮಾರಿ ನೋಡಿದ್ದೆ. ಗದಗಿನ್ಯಾಗ ಸೂಜಿಗಿಂತ ಅದ ಹೆಚ್ಚು ಚುಚ್ಚಿತು. ಹಿಂಗ್ಯಾಕ ನೋಡಿದ್ಲು ಅಂತ ದಿನಾ ವಿಚಾರ ಮಾಡಿದೆ. ಆಮ್ಯಾಲೆ ತಿಳೀತು.”

ಅನ್ನ ಆರಿತ್ತು. ಬಿಸಿ ಸಾರು ತಂದು ಹಾಕಿದೆ.

ಮೊನ್ನೆ ರವಿವಾರ ಅವರು ತಾವೇ ಚಿಮಟ ಹುಡುಕಿ ತಂದು, ಕೆಂಚನನ್ನು ಬಿಸಿಲಿಗೆ ಕೂರಿಸಿಕೊಂಡು ನನ್ನನ್ನು ಕರೆದರು. ಹೊಸದಾಗಿ ಹತ್ತಿದ್ದು ಮೂರೇ ಇದ್ದವು. ಮೊದಲನೆಯದಕ್ಕೆ ಅವರ ಕೈ ತಿರುವಲು ಹೋಯಿತು. “ತಿರುವಬ್ಯಾಡ್ರಿ,” ಎಂದೆ. ಅವರು ನಗಲಿಲ್ಲ. ಮತ್ತೆ ಹಿಡಿದು ನೆಟ್ಟಗೆ ಎಳೆದರು, ಇಡಿಯಾಗಿ ಬಂತು. ತೋರಿಸಲು ಮಾವನವರ ಹೊರಸಿನ ಹತ್ತಿರ ಒಯ್ದರು. ಅಲ್ಲಿ ಅಪ್ಪ, ಮಗ ಇಬ್ಬರೂ ನಕ್ಕ ಸದ್ದು ಕೇಳಿಸಿತು. ಮಾವನವರು ನಕ್ಕದ್ದನ್ನು ನಾನು ಈ ಮನೆಗೆ ಬಂದ ಮೇಲೆ ಇದೂ ಸೇರಿ ಎರಡೇ ಸಲ ಕೇಳಿದ್ದೇನೆ.

ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ. ಯಾರ ಜೀವ ದೊಡ್ಡದು ಎಂದು ತೂಗಿ ನಾನು ನಿಂತದ್ದಲ್ಲ. ಎರಡೂ ಉಳಿಯುವ ದಾರಿ ಒಂದೇ ಇತ್ತು. ತಪ್ಪಿದ್ದರೆ ಏನಾಗುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ನಿನ್ನ ಅಳಿಯನ ಮುಂದೆ ಎಲ್ಲವನ್ನೂ ಹೇಳಿ ಹಗುರಾಗಿದ್ದೇನೆ. ಇನ್ನು ನೀನು ಸಿಟ್ಟು ಬಿಡು. ಸುಗ್ಗಿಯ ಮೊದಲು ಇಬ್ಬರೂ ಬೆಳ್ಳಟ್ಟಿಗೆ ಬಂದು ನಾಲ್ಕು ದಿನ ಇರುತ್ತೇವೆ.

ಅಪ್ಪನಿಗೂ ತಮ್ಮಂದಿರಿಗೂ ನನ್ನ ನೆನಪು ಹೇಳು.

ನಿನ್ನ ಮಗಳು,
ಗದಿಗೆವ್ವ

ತಾಜಾಕಲಂ: ಅಪ್ಪನಿಗೆ ಮೇಲಿನಷ್ಟನ್ನೇ ಓದಿ ಹೇಳು, ಇದನ್ನು ನೀನೊಬ್ಬಳೇ ಓದು. ಎಲ್ಲವನ್ನೂ ಹೇಳಿದ್ದೇನೆ ಎಂದು ಬರೆದೆನಲ್ಲ, ಅದು ಸುಳ್ಳು. ಆ ದಿನ ನಾಯಿಯನ್ನು ಬಿಡಿಸುವಾಗ ಅದರ ಹಲ್ಲು ನನ್ನ ಎಡಗೈ ಹೆಬ್ಬೆರಳಿಗೂ ಇಳಿದಿತ್ತು. ಇಬ್ಬರಿಗೆ ಕಡಿದಿದೆ ಎಂದು ಗೊತ್ತಾಗಿದ್ದರೆ ಹುಲಗಪ್ಪ ನನ್ನ ಮಾತಿಗೆ ನಿಲ್ಲುತ್ತಿರಲಿಲ್ಲ. ಈಳಿಗೆ ತಾಗಿತೆಂದು ಹೇಳಿ ಅರಿಶಿನ ಹಚ್ಚಿಕೊಂಡೆ. ಒಂದು ಸೂಜಿಯನ್ನೂ ತೆಗೆದುಕೊಳ್ಳಲಿಲ್ಲ. ಅದು ಧೈರ್ಯವಲ್ಲ ಅವ್ವಾ, ತಿಳಿಗೇಡಿತನ. ಕಂಡವರು ಮಾವನವರೊಬ್ಬರೇ. ಆ ಹತ್ತು ದಿನ ನಾನು ಹತ್ತಿರ ಹೋದಾಗಲೆಲ್ಲ ಅವರು ಮೊದಲು ನನ್ನ ಕೈ ನೋಡುತ್ತಿದ್ದರು. ನಿನ್ನ ಅಳಿಯನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಮುಗಿದುಹೋದ ಆ ಹತ್ತು ದಿನಗಳನ್ನು ಅವರು ಮತ್ತೆ ಮೊದಲಿನಿಂದ ಎಣಿಸತೊಡಗುತ್ತಾರೆ.