ಶಿಳ್ಳೆಗಳ ನಡುವೆ ಹೊಲಿಗೆಯ ಸದ್ದು

ಸೋಮವಾರ, ಬೆಳಿಗ್ಗೆ

ಮುದ್ದು ತಂಗಿಗೆ,

ಅಕ್ಕನ ಆಶೀರ್ವಾದಗಳು. ಹಾಗೆ ಬರೆದು ರೂಢಿ, ಅದಕ್ಕೇ ಬರೆದೆ.

ನನ್ನ ಕೆಲಸವೇನೆಂದು ನೀನು ಯಾವತ್ತೂ ಕೇಳಲಿಲ್ಲ. ಈಗ ಕೇಳು. ಮಿಂಚು ಹೊಡೆದಾಗ ಬೆಳಕಿನ ಜೊತೆ ರೇಡಿಯೋ ಅಲೆಯೂ ಹುಟ್ಟುತ್ತದೆ. ಅದರಲ್ಲಿ ಒಂದು ಪಾಲು ಮೇಲೇರಿ, ಭೂಮಿಯ ಕಾಂತರೇಖೆ ಹಿಡಿದು ಸಾವಿರಾರು ಮೈಲಿ ಹೊರಗೆ ಸುತ್ತಿ, ಭೂಮಧ್ಯರೇಖೆ ದಾಟಿ ಈಚೆ ಬದಿಗೆ ಬಂದಿಳಿಯುತ್ತದೆ. ದಾರಿಯಲ್ಲಿ ಸಣ್ಣ ದನಿ ಮುಂದೋಡುತ್ತದೆ, ದಪ್ಪ ದನಿ ಹಿಂದೆ ಬೀಳುತ್ತದೆ. ಹಾಗಾಗಿ ನಮ್ಮ ಯಂತ್ರದಲ್ಲಿ ಅದು ಮೇಲಿನಿಂದ ಕೆಳಗೆ ಜಾರುವ ಶಿಳ್ಳೆಯಾಗಿ ಕೇಳುತ್ತದೆ. ಕರೆಂಟಿನ ತಂತಿ ಹತ್ತಿರವಿದ್ದರೆ ಅದರ ಗುಂಯ್ ಸದ್ದಿನಲ್ಲಿ ಶಿಳ್ಳೆ ಮುಚ್ಚಿಹೋಗುತ್ತದೆ. ಅದಕ್ಕೇ ನಿನ್ನ ಭಾವ ವಾರಕ್ಕೆರಡು ದಿನ ಕರೆಂಟಿಲ್ಲದ ಗುಡ್ಡದ ಗುಡಿಸಲಿಗೆ ಹೋಗುವುದು. ಅವರು ರೆಕಾರ್ಡ್ ಮಾಡುತ್ತಾರೆ, ನಾನು ಕಚೇರಿಯಲ್ಲಿ ಕೂತು ಕೇಳುತ್ತೇನೆ.

ಕಳೆದ ವಾರದ ರೆಕಾರ್ಡಿಂಗಿನ ಮೊದಲಿಗೆ ಎಂದಿನಂತೆ ಅವರ ದನಿ: ಗುಡ್ಡದ ಗುಡಿಸಲು, ಬೆಳಗಿನ ಹೊತ್ತು, ಗಾಳಿಯಿಲ್ಲ. ಆಮೇಲೆ ಚೆಂದದ ಶಿಳ್ಳೆಗಳು. ನಡುವೆ ಕರಕರ. ನಿಂತಿತು. ಮತ್ತೆ ಕರಕರ. ಕೊನೆಗೆ ಮೂರು ಸಲ ಚುಟುಕಾಗಿ. ಅಂಚು ಮುಗಿಸುವಾಗ ಪೆಡಲನ್ನು ಹಾಗೆ ಮೂರು ಸಲ ಒತ್ತುವವಳು ನೀನೊಬ್ಬಳೇ. ಹೊಲಿಗೆ ಮೆಷಿನ್ನಿನ ಮೋಟಾರು ಕಿಡಿ ಹಾರಿಸಿದರೆ ಅದೂ ರೇಡಿಯೋ ಅಲೆಯೇ ಕಣೇ. ನಿನ್ನ ಮನೆಯ ಕರೆಂಟಿನ ಗುಂಯ್ ಸದ್ದನ್ನು ಮಹಾರಾಯರು ಸೋಸಿ ತೆಗೆದಿದ್ದರು. ಪೂರ್ತಿ ಕೇಳಿ ನೋಡುವ ತಾಳ್ಮೆ ಮಾತ್ರ ಅವರಿಗೆ ಮೊದಲಿನಿಂದಲೂ ಇಲ್ಲ. ಕೇಳುವುದಕ್ಕೆ ಹೆಂಡತಿ ಇದ್ದಾಳಲ್ಲ.

ಗುಡ್ಡದಲ್ಲಿ ಚಳಿ ಹೇಗಿತ್ತು ಎಂದು ಅವರನ್ನು ಕೇಳಿದೆ. ಬೆರಳೆಲ್ಲ ಮರಗಟ್ಟಿಹೋಯ್ತು ಕಣೇ ಎಂದರು. ಅಂಗಿಯಲ್ಲಿ ಕಿತ್ತುಹೋಗಿದ್ದ ಗುಂಡಿ ವಾಪಸು ಬಂದು ಕೂತಿತ್ತು. ಗುಡ್ಡದಲ್ಲಿ ಗುಂಡಿ ಹಾಕಿಕೊಡುವವರು ಯಾರು?

ಅವರ ಮೇಲಿನ ಸಿಟ್ಟು ಇಂದಲ್ಲ ನಾಳೆ ಇಳಿದೀತು. ನೀನು ಮಾಡಿದ್ದಕ್ಕೆ ಹೊಟ್ಟೆ ಉರಿಯುತ್ತಿದೆ. ಅಮ್ಮ ಹೋದಮೇಲೆ ನಿನ್ನ ತಲೆ ಬಾಚಿದ ಕೈ ಇದು. ಹಾವಿಗೆ ಹಾಲೆರೆದೆ ಎಂದು ಬರೆಯಲು ಹೊರಟೆ, ನಿನ್ನನ್ನು ಹಾವು ಎನ್ನಲು ಕೈ ಬರಲಿಲ್ಲ. ಉಂಡ ಮನೆಗೇ ಎರಡು ಬಗೆದೆಯಲ್ಲೇ!

ಭೂಮಧ್ಯರೇಖೆಯ ಆಚೆ ಬದಿಯ ಕೇಂದ್ರಕ್ಕೆ, ಶಿಳ್ಳೆಗಳು ಹೊರಡುವ ಆ ತುದಿಗೆ, ನನಗೆ ವರ್ಗವಾಗಿದೆ. ನಾಳೆ ಹೊರಡುತ್ತೇನೆ. ಅವರ ಬಟ್ಟೆಬರೆ ನಿನ್ನ ಮನೆಗೇ ಕಳಿಸಿದ್ದೇನೆ. ಇಬ್ಬರೂ ಸುಖವಾಗಿರಿ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಇನ್ನೂ ನಿನ್ನವಳೇ ಆದ,
ಅಕ್ಕ

ತಾ.ಕ.: ಕಳೆದ ವಾರ ಎಂದು ಬರೆದದ್ದು ಸುಳ್ಳು. ಅದನ್ನು ಕೇಳಿ ತಿಂಗಳುಗಳೇ ಆದವು. ಅಂದೇ ವರ್ಗ ಕೇಳಿದೆ. ನಿಮ್ಮಿಬ್ಬರಲ್ಲಿ ಒಬ್ಬರಾದರೂ ಬಾಯಿಬಿಟ್ಟಿದ್ದರೆ ಬೇಡವೆನ್ನುತ್ತಿದ್ದೆ. ಹೋದ ಭಾನುವಾರ ನೀನು ಊಟಕ್ಕೆ ಬಂದಾಗ, ಇವತ್ತಾದರೂ ಹೇಳುತ್ತಾಳೆ ಎಂದು ನಿನ್ನ ಮುಖವನ್ನೇ ನೋಡುತ್ತ ಬಡಿಸಿದೆ. ಅಕ್ಕಾ, ಸ್ವಲ್ಪ ಉಪ್ಪು ಕಮ್ಮಿ ಎಂದೆ ನೀನು.